ತಾಳೆ ಮರಗಳ ಊರಿನ ಪಾದ್ರಿ

ಚೆನ್ನೈನ ಮರೀನಾ ಬೀಚಿಗೆ ಬಂದವರು ಸಾಮಾನ್ಯವಾಗಿ ಕಡಲಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಹಿಂದೆ ತಿರುಗಿ ರಸ್ತೆ ಬದಿಯ ಪ್ರತಿಮೆಗಳನ್ನು ಒಂದೊಂದಾಗಿ ನೋಡುವವರು ಕಡಿಮೆ. ತಿರುವಳ್ಳುವರ್, ಔವೈಯಾರ್, ಕಂಬರ್, ಭಾರತಿಯರ ಆ ಸಾಲಿನಲ್ಲಿ ಮೂವರು ಯುರೋಪಿಯನ್ನರಿದ್ದಾರೆ. ಮೂವರೂ ಪಾದ್ರಿಗಳು. ಒಬ್ಬ ತಮಿಳರು ವೀರಮಾಮುನಿವರ್ ಎಂದು ಕರೆಯುವ ಇಟಲಿಯ ಬೆಸ್ಕಿ, ಇನ್ನೊಬ್ಬ ಜಿ.ಯು. ಪೋಪ್, ಮೂರನೆಯವನು ರಾಬರ್ಟ್ ಕಾಲ್ಡ್‌ವೆಲ್. 1968ರಲ್ಲಿ ಇಲ್ಲಿ ಎರಡನೇ ವಿಶ್ವ ತಮಿಳು ಸಮ್ಮೇಳನ ನಡೆದಾಗ ನಿಲ್ಲಿಸಿದ ಪ್ರತಿಮೆಗಳಿವು. ಪೋಪ್ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. ತಮಿಳು ನಾಡಿನ ಕೆಲಸ ಮುಗಿಸಿ ಬಂದು ಬಿಷಪ್ ಕಾಟನ್ ಶಾಲೆಯನ್ನು ವರ್ಷಗಳ ಕಾಲ ನಡೆಸಿದವನು ಆತ. ನಾನು ಈ ವಾರ ಬರೆಯುತ್ತಿರುವುದು ಮೂರನೆಯವನ ಬಗ್ಗೆ. ನಮ್ಮ ಕನ್ನಡ, ತುಳು, ಕೊಡವ ಮಾತುಗಳಿಗೂ ಈತನಿಗೂ ಸಂಬಂಧ ಇದೆ. ಅದಕ್ಕಿಂತ ಹೆಚ್ಚಾಗಿ, ಪರವೂರಿನಲ್ಲಿ ಬದುಕುವ ನಮ್ಮಂಥವರು ಯೋಚಿಸಬೇಕಾದ ಒಂದು ವಿಷಯ ಈತನ ಜೀವನದಲ್ಲಿದೆ.

ನನ್ನ ಪರಿಚಯ ಎರಡು ಮಾತಿನಲ್ಲಿ: ಶೋಳಿಂಗನಲ್ಲೂರಿನ ಒಂದು ಐ.ಟಿ. ಪಾರ್ಕಿನಲ್ಲಿ ಕೋಡ್ ಬರೆಯುವ ಕೆಲಸ. ಹುಟ್ಟೂರು ಉಡುಪಿ ಜಿಲ್ಲೆಯ ಒಂದು ಹಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಎಂ.ಟೆಕ್. ಮುಗಿಸಿ ಚೆನ್ನೈಗೆ ಬಂದ ಮೇಲೆ ಕ್ಯಾಂಟೀನು, ಆಟೋಗಳಲ್ಲಿ ಕಲಿತ ತಮಿಳು. ನಮ್ಮ ಅಜ್ಜ ಮೂರ್ತೆ ಮಾಡುತ್ತಿದ್ದವರು, ಅಂದರೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಈ ಕೊನೆಯ ಮಾತು ಯಾಕೆ ಬಂತು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಕಾಲ್ಡ್‌ವೆಲ್ ಹುಟ್ಟಿದ್ದು 1814ರಲ್ಲಿ, ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ. ತಂದೆತಾಯಿ ಸ್ಕಾಟ್ಲೆಂಡ್ ಕಡೆಯವರು, ಬೆಳೆದದ್ದು ಗ್ಲಾಸ್ಗೋದಲ್ಲಿ. ಹುಡುಗನಿಗೆ ಮೊದಲು ಚಿತ್ರಕಾರನಾಗುವ ಆಸೆ ಇತ್ತು. ಅದಕ್ಕಾಗಿ ಡಬ್ಲಿನ್‌ಗೆ ಹೋಗಿ ಕಲಿತದ್ದೂ ಉಂಟು. ಆಮೇಲೆ ಮನಸ್ಸು ಧರ್ಮದ ಕಡೆ ತಿರುಗಿತು. ಲಂಡನ್ ಮಿಶನರಿ ಸೊಸೈಟಿ ಸೇರಿ, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ. ಅಲ್ಲಿ ಗ್ರೀಕ್ ಕಲಿಸುತ್ತಿದ್ದ ಡೇನಿಯಲ್ ಸ್ಯಾಂಡ್‌ಫರ್ಡ್ ಎಂಬ ಪ್ರಾಧ್ಯಾಪಕನಿಂದ ಭಾಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಹುಚ್ಚು ಹಿಡಿಯಿತು. ಚಿತ್ರಕಾರನ ಕಣ್ಣು ಮತ್ತು ಭಾಷಾಶಾಸ್ತ್ರಿಯ ಕಿವಿ, ಎರಡೂ ಜೀವನಪೂರ್ತಿ ಜೊತೆಗಿದ್ದವು. ಎರಡೂ ಒಂದೇ ಸಮ ನಿಷ್ಪಕ್ಷಪಾತವಾಗಿ ಕೆಲಸ ಮಾಡಲಿಲ್ಲ ಎನ್ನುವುದೇ ನನ್ನ ತಕರಾರು.

1838ರ ಜನವರಿ 8ರಂದು, ಸುಮಾರು ನಾಲ್ಕು ತಿಂಗಳ ಪ್ರಯಾಣದ ನಂತರ ಆತನ ಹಡಗು ಮದರಾಸು ತಲುಪಿತು. ಆಗ ಇಲ್ಲಿ ಬಂದರು ಇರಲಿಲ್ಲ. ಹಡಗುಗಳು ಆಳದ ನೀರಿನಲ್ಲಿ ನಿಲ್ಲುತ್ತಿದ್ದವು. ಮೊಳೆ ಹೊಡೆಯದೆ ಹಗ್ಗದಿಂದ ಹಲಗೆ ಹೊಲಿದ ಮಸೂಲಾ ದೋಣಿಯಲ್ಲಿ ಕೂತು, ಅಲೆಗಳ ಹೊಡೆತಕ್ಕೆ ನೆನೆದು ಮರಳಿಗೆ ಇಳಿಯಬೇಕಿತ್ತು. ಅದೇ ಹಡಗಿನಲ್ಲಿ ರಜೆ ಮುಗಿಸಿ ಮರಳುತ್ತಿದ್ದವನು ಸಿ.ಪಿ. ಬ್ರೌನ್, ತೆಲುಗರು ಇಂದಿಗೂ ತಲೆ ಮೇಲೆ ಹೊತ್ತು ಮೆರೆಸುವ ನಿಘಂಟುಕಾರ. ಡೆಕ್ಕಿನ ಮೇಲೆ ಮಾಡಲು ಬೇರೇನೂ ಇಲ್ಲದ ಆ ತಿಂಗಳುಗಳಲ್ಲಿ ಕಾಲ್ಡ್‌ವೆಲ್ ಬ್ರೌನ್‌ನಿಂದ ಕಲಿತ. ಹೀಗಾಗಿ ದಕ್ಷಿಣದ ಭಾಷೆಗಳ ಪಾಠ ನೆಲ ಮುಟ್ಟುವ ಮೊದಲೇ ಶುರುವಾಗಿತ್ತು.

ಮದರಾಸಿನಲ್ಲಿ ಮೂರೂವರೆ ವರ್ಷ. ತಿರುಕ್ಕುರಳನ್ನು ಅನುವಾದಿಸುತ್ತಿದ್ದ ಡ್ರೂ ಎಂಬ ಮಿಶನರಿಯ ಸಹವಾಸದಲ್ಲಿ ತಮಿಳು ಓದಿದ. ಆದರೆ ಮದರಾಸು ಆತನಿಗೆ ಒಗ್ಗಲಿಲ್ಲ. ಇಂಗ್ಲಿಷರ ಬಂಗಲೆ, ಇಂಗ್ಲಿಷರ ಚರ್ಚು, ಇಂಗ್ಲಿಷರ ಊಟ. ಊರವರ ಜೊತೆ ಮಾತಾಡಬೇಕಿದ್ದರೆ ನಡುವೆ ದುಬಾಷಿ. ಮುಂಜಾನೆ ಕ್ಯಾಬ್ ಹತ್ತಿ ಗಾಜಿನ ಕಟ್ಟಡದೊಳಗೆ ಹೋಗಿ, ರಾತ್ರಿ ಅದೇ ಕ್ಯಾಬಿನಲ್ಲಿ ಅಪಾರ್ಟ್‌ಮೆಂಟಿಗೆ ವಾಪಸಾಗುವ ನಮಗೆ ಈ ತರದ ಊರಿನ ಪರಿಚಯ ಚೆನ್ನಾಗಿಯೇ ಇದೆ. ಕಾಲ್ಡ್‌ವೆಲ್ 1841ರಲ್ಲಿ ಸಂಸ್ಥೆ ಬದಲಾಯಿಸಿ ಎಸ್.ಪಿ.ಜಿ. ಎಂಬ ಆಂಗ್ಲಿಕನ್ ಮಿಶನ್ ಸೇರಿದ. ತಿರುನೆಲ್ವೇಲಿಗೆ ಹೋಗುವುದೆಂದು ತೀರ್ಮಾನವಾಯಿತು. ಆಗ ಆತ ಮಾಡಿದ ಕೆಲಸವನ್ನು ಆ ಕಾಲದ ಯಾವ ದೊರೆಯೂ ಮಾಡುತ್ತಿರಲಿಲ್ಲ: ನಡೆದು ಹೊರಟ.

ಪುದುಚೇರಿ, ಚಿದಂಬರಂ, ತರಂಗಂಬಾಡಿ, ಕುಂಭಕೋಣಂ, ತಂಜಾವೂರು, ತಿರುಚಿರಾಪಳ್ಳಿ, ಕೊಯಮತ್ತೂರು, ಅಲ್ಲಿಂದ ನೀಲಗಿರಿ ಹತ್ತಿ ಊಟಿ. ಊಟಿಯಲ್ಲಿ ಬಿಷಪ್ ಸ್ಪೆನ್ಸರ್ ಕೈಯಿಂದ ದೀಕ್ಷೆ ಪಡೆದು, ಮತ್ತೆ ಇಳಿದು ಮಧುರೆ, ತಿರುನೆಲ್ವೇಲಿ. ಇಂದಿನ ರಸ್ತೆ ಲೆಕ್ಕದಲ್ಲಿ ಸಾವಿರ ಕಿಲೋಮೀಟರ್ ಮೀರುವ ದಾರಿ. ಬಿಳಿಯರು ಹೋಗುವುದಿದ್ದರೆ ಪಲ್ಲಕ್ಕಿ ಇಲ್ಲವೇ ಕುದುರೆ. ನಡೆದು ಬರುವ ಬಿಳಿಯನನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಊರಿನವರಿಗೂ ತಿಳಿಯಲಿಲ್ಲ, ಬಂಗಲೆಯ ಬಿಳಿಯರಿಗೂ ತಿಳಿಯಲಿಲ್ಲ. ಆತನ ಉದ್ದೇಶ ಸರಳವಾಗಿತ್ತು. ಜನ ಹೇಗೆ ಮಾತಾಡುತ್ತಾರೆ, ಏನು ಉಣ್ಣುತ್ತಾರೆ, ಹೇಗೆ ಇರುತ್ತಾರೆ ಎನ್ನುವುದನ್ನು ನಡೆಯುತ್ತಲೇ ಕಲಿಯಬೇಕು. ಈ ನಡಿಗೆಯ ವಿಷಯದಲ್ಲಿ ಮಾತ್ರ ಆತನ ಬಗ್ಗೆ ನನಗೆ ಒಂದಿಷ್ಟೂ ತಕರಾರಿಲ್ಲ.

1841ರ ಕೊನೆಯಲ್ಲಿ ಆತ ತಲುಪಿದ ಊರು ಇಡೈಯನ್‌ಗುಡಿ. ತಿರುನೆಲ್ವೇಲಿ ಜಿಲ್ಲೆಯ ತೆಂಕಣ ತುದಿ, ತಿಸೈಯನ್‌ವಿಳೈ ಹತ್ತಿರ. ಹೆಸರಿನ ಅರ್ಥ ದನ ಕಾಯುವವರ ಊರು, ನಮ್ಮ ಮಾತಲ್ಲಿ ಗೊಲ್ಲರ ಹಟ್ಟಿ. ಸುತ್ತ ಕೆಂಪು ಮರಳಿನ ದಿಬ್ಬಗಳು, ಅವಕ್ಕೆ ಅಲ್ಲಿ ತೇರಿ ಎನ್ನುತ್ತಾರೆ. ಗಾಳಿ ಬೀಸಿದ ಕಡೆಗೆ ಮರಳು ಹರಿಯುತ್ತದೆ. ಆ ಮರಳಿನಲ್ಲಿ ಜಗ್ಗದೆ ನಿಲ್ಲುವುದು ಒಂದೇ ಮರ: ಚೆನ್ನೈ ಬೀದಿಗಳಲ್ಲಿ ಬೇಸಿಗೆ ಬಂತೆಂದರೆ ನುಂಗು ಎಂದು ಮಾರುತ್ತಾರಲ್ಲ, ನಮ್ಮ ಕಡೆಯ ಈರೋಳು, ಅದರ ತಾಳೆ ಮರ. ಅಲ್ಲಿಯ ಜನರ ಬದುಕು ಪೂರ್ತಿ ಆ ಮರದ ಮೇಲೆ ನಿಂತಿತ್ತು. ಗಂಡಸರು ದಿನಕ್ಕೆ ಎರಡು ಸಲ ಹತ್ತಾರು ಮರ ಹತ್ತಿ ಇಳಿಯಬೇಕು. ಗಡಿಗೆಗೆ ಸುಣ್ಣ ಬಳಿದು ಇಳಿಸಿದರೆ ಹುಳಿಯದ ಸಿಹಿ ಪದನೀರು, ನಾವು ನೀರಾ ಅನ್ನುವುದು. ಹೆಂಗಸರು ಅದನ್ನು ಕಾಯಿಸಿ ಕರುಪ್ಪಟ್ಟಿ ಮಾಡುತ್ತಾರೆ, ಅದು ನಮ್ಮ ಓಲೆಬೆಲ್ಲ. ಎಲೆ ಮನೆಯ ಮಾಡಿಗೆ, ಚಾಪೆಗೆ, ಬುಟ್ಟಿಗೆ, ಬರೆಯುವ ಓಲೆಗೆ. ಕಾಂಡ ತೊಲೆಗೆ. ಮರ ಹತ್ತುವ ಈ ಜನರನ್ನು ಆಗ ಶಾಣಾರ್ ಎಂದು ಕರೆಯುತ್ತಿದ್ದರು. ಈಗ ಆ ಹೆಸರನ್ನು ಯಾರೂ ಬಳಸಬಾರದು, ಅವರು ನಾಡಾರ್.

ಕಾಲ್ಡ್‌ವೆಲ್ ಅಲ್ಲಿ ಸುಮಾರು 50 ವರ್ಷ ಇದ್ದ. ಜಾಗ ಕೊಂಡು, ಬೀದಿಗಳನ್ನು ನೇರಕ್ಕೆ ಹಾಕಿಸಿ, ಬಾವಿ ತೋಡಿಸಿ, ಮರ ನೆಡಿಸಿ ಊರನ್ನೇ ಹೊಸದಾಗಿ ಕಟ್ಟಿದ. ನಮ್ಮ ಲೇಔಟುಗಳಂತೆ ಬೀದಿ ಬೀದಿ ಅಳೆದು ಕಟ್ಟಿದ ಊರು ಇಂದಿಗೂ ಹಾಗೆಯೇ ಇದೆ. ಚರ್ಚಿಗೆ 1847ರಲ್ಲಿ ಅಡಿಪಾಯ ಹಾಕಿದ. ಅದು ಮುಗಿದು ಪ್ರತಿಷ್ಠೆಯಾದದ್ದು 1880ರಲ್ಲಿ. ಲೆಕ್ಕ ಹಾಕಿ, 33 ವರ್ಷ! ಗಾಥಿಕ್ ಶೈಲಿಯ ಕಮಾನುಗಳನ್ನು ಹಿಂದೆಂದೂ ನೋಡಿರದ ಊರಿನ ಕಲ್ಲುಕುಟಿಗರು ಕಟ್ಟಿದ ಚರ್ಚು ಅದು. ಡಬ್ಲಿನ್‌ನಲ್ಲಿ ಕಲಿತ ಚಿತ್ರವಿದ್ಯೆ ಕೊನೆಗೆ ಉಪಯೋಗಕ್ಕೆ ಬಂದದ್ದು ಈ ಮರಳುಗಾಡಿನಲ್ಲಿ.

ಜನ ಆತನನ್ನು ಕರೆದದ್ದು ಕಾಲ್ಡ್‌ವೆಲ್ ಐಯರ್ ಎಂದು. ಮೊದಲ ಸಲ ಇದನ್ನು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮಗೆ ಐಯರ್ ಅಂದರೆ ಮೈಲಾಪುರ, ಫಿಲ್ಟರ್ ಕಾಫಿ. ಆದರೆ ತಿರುನೆಲ್ವೇಲಿ ಕಡೆಯ ಪ್ರೊಟೆಸ್ಟಂಟರಿಗೆ ಐಯರ್ ಅಂದರೆ ಪಾದ್ರಿ. ಪೋಪ್ ಕೂಡ ಅವರಿಗೆ ಪೋಪ್ ಐಯರ್. ಹೊರಗಿನಿಂದ ಬಂದ ಒಬ್ಬ ಪೂಜಾರಿಯನ್ನು ಎಲ್ಲಿ ಕೂರಿಸಬೇಕೆಂದು ಊರು ಯೋಚಿಸಿದಾಗ, ತನಗೆ ಗೊತ್ತಿದ್ದ ಮಣೆಯನ್ನೇ ಹಾಕಿತು.

1844ರಲ್ಲಿ ಆತ ಎಲೈಜಾ ಮಾಲ್ಟ್‌ಳನ್ನು ಮದುವೆಯಾದ. ಈಕೆಯ ಬಗ್ಗೆ ಪುಸ್ತಕಗಳು ಒಂದೆರಡು ಸಾಲು ಬರೆದು ಮುಂದೆ ಹೋಗುತ್ತವೆ, ನನಗೆ ಅದು ಸರಿ ಕಾಣುವುದಿಲ್ಲ. ನಾಗರಕೋಯಿಲಿನ ಮಿಶನರಿ ದಂಪತಿಯ ಮಗಳು. ಬೆಳೆದದ್ದು ಆ ನೆಲದಲ್ಲೇ ಆದ್ದರಿಂದ ತಮಿಳು ಆಕೆಗೆ ಬಾಲ್ಯದ ಮಾತು. ಗಂಡ ವ್ಯಾಕರಣ ಹಿಡಿದು ಕಲಿತ ಭಾಷೆಯನ್ನು ಆಕೆ ಅಂಗಳದಲ್ಲಿ ಆಡುತ್ತಾ ಕಲಿತಿದ್ದಳು. ಊರ ಹೆಂಗಸರ ಮನೆಯೊಳಗೆ ಯಾವ ಪಾದ್ರಿಯೂ ಕಾಲಿಡುವಂತಿರಲಿಲ್ಲ, ಆಕೆಗೆ ಬಾಗಿಲು ತೆರೆದಿತ್ತು. ಬಂದ ವರ್ಷವೇ ಹೆಣ್ಣುಮಕ್ಕಳಿಗೆ ವಸತಿ ಶಾಲೆ ಶುರು ಮಾಡಿದಳು. ತಾಯಿ ನಾಗರಕೋಯಿಲಿನಲ್ಲಿ ಕಲಿಸುತ್ತಿದ್ದ ಲೇಸ್ ನೇಯ್ಗೆಯನ್ನು ಇಲ್ಲಿಗೂ ತಂದಳು. ಮರ ಹತ್ತುವವರ ಮನೆಯ ಹುಡುಗಿಯರ ಕೈಗೆ ಸ್ವಂತ ದುಡಿಮೆಯ ಕಾಸು ಬಂತು. ಕಾಲ್ಡ್‌ವೆಲ್‌ಗೆ ಊರು ತಿಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಎಲೈಜಾ ಮೂಲಕ ಇರಬೇಕೆಂದು ನನ್ನ ಅಂದಾಜು. ಮರೀನಾದಲ್ಲಿ ಆಕೆಯ ಪ್ರತಿಮೆ ಇಲ್ಲ ಬಿಡಿ.

ಈಗ ಭಾಷೆಯ ವಿಷಯ. 1856ರಲ್ಲಿ ಲಂಡನ್ನಿನಲ್ಲಿ ಆತನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಅಚ್ಚಾಯಿತು. ದಕ್ಷಿಣದ ಭಾಷೆಗಳೆಲ್ಲ ಸಂಸ್ಕೃತದಿಂದ ಒಡೆದು ಬಂದವು ಎಂದು ಪಂಡಿತರು ನಂಬಿದ್ದ ಕಾಲ. ಹಾಗಲ್ಲ, ಇವಕ್ಕೆ ಬೇರೆಯೇ ಒಂದು ತಾಯಿಬೇರು ಇದೆ ಎಂದು ಮೊದಲು ಹೇಳಿದವನು ಮದರಾಸಿನ ಕಲೆಕ್ಟರ್ ಆಗಿದ್ದ ಎಲ್ಲಿಸ್, ಅದೂ 1816ರಲ್ಲಿ, ಒಂದು ತೆಲುಗು ವ್ಯಾಕರಣಕ್ಕೆ ಬರೆದ ಮುನ್ನುಡಿಯಲ್ಲಿ. ಅದಕ್ಕೆ ಸಿಗಬೇಕಾದಷ್ಟು ಮನ್ನಣೆಯನ್ನು ಕಾಲ್ಡ್‌ವೆಲ್ ಕೊಡಲಿಲ್ಲ. ಆದರೂ ಹನ್ನೆರಡು ಭಾಷೆಗಳನ್ನು ಎದುರಿಗಿಟ್ಟುಕೊಂಡು, ಸರ್ವನಾಮ, ಸಂಖ್ಯೆ, ಕ್ರಿಯಾಪದದ ತುದಿ ಎಲ್ಲವನ್ನೂ ಸಾಲು ಸಾಲಾಗಿ ಹೋಲಿಸಿ ತೋರಿಸಿದವನು ಈತನೇ. ತಮಿಳು, ಮಲಯಾಳಂ, ತೆಲುಗು, ಕನ್ನಡ, ತುಳು, ಕೊಡವ ಒಂದು ಕಡೆ, ತೋಡ, ಕೋತ, ಗೋಂಡಿಯಂಥವು ಇನ್ನೊಂದು ಕಡೆ. ಎರಡು ಫೈಲುಗಳನ್ನು ಪಕ್ಕಪಕ್ಕ ತೆರೆದು ಎಲ್ಲಿ ಬದಲಾಗಿದೆ, ಎಲ್ಲಿ ಬದಲಾಗಿಲ್ಲ ಎಂದು ದಿನವಿಡೀ ನೋಡುವ ನನ್ನಂಥವನಿಗೆ ಆ ಪುಸ್ತಕದ ಕೋಷ್ಟಕಗಳು ಬಹಳ ಖುಷಿ ಕೊಟ್ಟವು.

ಕನ್ನಡದ ಪಕಾರ ಹಕಾರವಾದ ಕತೆ ಅಲ್ಲಿದೆ. ತಮಿಳಿನ ಪಾಲ್ ನಮ್ಮ ಹಾಲು, ಪಲ್ ಹಲ್ಲು, ಪುಲಿ ಹುಲಿ, ಪತ್ತು ಹತ್ತು. ಹಳಗನ್ನಡಕ್ಕೆ ಹೋದರೆ ನಮ್ಮಲ್ಲೂ ಪಾಲ್, ಪುಲಿ. ಹೊಸದಾಗಿ ಚೆನ್ನೈಗೆ ಬರುವ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಕೊಡುವ ಮೊದಲ ಪಾಠ ಇದೇ: ಹಕಾರ ತೆಗೆದು ಪಕಾರ ಹಾಕಿ ನೋಡಿ, ಅರ್ಧ ತಮಿಳು ಬಂದ ಹಾಗೆ. ತುಳುವಿನವರಿಗೆ ಇನ್ನೂ ಸುಲಭ, ನಾವು ಪಕಾರವನ್ನು ಬಿಟ್ಟೇ ಇಲ್ಲ. ಹುಲಿ ನಮಗೆ ಪಿಲಿ, ಹತ್ತು ನಮಗೆ ಪತ್ತ್. ಒಂದೇ ತೊಂದರೆ, ಪೇರ್ ಅಂದರೆ ತಮಿಳಿನಲ್ಲಿ ಹೆಸರು, ತುಳುವಿನಲ್ಲಿ ಹಾಲು. ಬಂದ ಹೊಸದರಲ್ಲಿ ಯಾರಾದರೂ ಪೇರ್ ಕೇಳಿದರೆ ಒಂದು ಕ್ಷಣ ಪ್ಯಾಕೆಟ್ ಹಾಲು ಕಣ್ಣ ಮುಂದೆ ಬರುತ್ತಿತ್ತು.

ಪುಸ್ತಕದ ಎರಡನೇ ಆವೃತ್ತಿ ಬಂದದ್ದು 1875ರಲ್ಲಿ. ಅಷ್ಟರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಕಡೆಯಿಂದ ಬ್ರೀಗೆಲ್ ಬರೆದ ತುಳು ವ್ಯಾಕರಣ 1872ರಲ್ಲಿ ಹೊರಬಂದಿತ್ತು, ಗುಂಡರ್ಟ್‌ನ ಮಲಯಾಳಂ ನಿಘಂಟು ಮುಗಿದಿತ್ತು. ಲಿಪಿಬದ್ಧ ಸಾಹಿತ್ಯ ಹೆಚ್ಚಿಲ್ಲದಿದ್ದರೂ ದ್ರಾವಿಡ ಕುಟುಂಬದಲ್ಲೇ ಅತ್ಯಂತ ಬೆಳೆದ ಭಾಷೆಗಳಲ್ಲಿ ತುಳು ಒಂದು ಎಂದು ಕಾಲ್ಡ್‌ವೆಲ್ ಬರೆದ. ನಮ್ಮ ಊರಿನ ಸಭೆಗಳಲ್ಲಿ ತುಳುವಿನ ಬಗ್ಗೆ ಭಾಷಣ ಮಾಡುವವರು ಇಂದಿಗೂ ಆ ಮಾತನ್ನು ಹಿಡಿದೇ ಮಾತು ಶುರು ಮಾಡುತ್ತಾರೆ. ಆತ ಸಂಸ್ಕೃತದಿಂದ ಎತ್ತಿಕೊಂಡ ದ್ರಾವಿಡ ಎಂಬ ಪದ ಮುಂದೆ ತಮಿಳುನಾಡಿನ ರಾಜಕೀಯದಲ್ಲಿ ಎಷ್ಟು ದೂರ ಹೋಯಿತು ಎನ್ನುವುದನ್ನು ಇಲ್ಲಿಯ ಪಕ್ಷಗಳ ಹೆಸರೇ ಹೇಳುತ್ತವೆ.

ಜುಟ್ಟಿನ ಪ್ರಸಂಗವೊಂದು ಇದೆ, ಹೇಳಲೇಬೇಕು. ಕ್ರೈಸ್ತರಾದ ತಮಿಳು ಗಂಡಸರು ತಲೆಯ ಕುಡುಮಿಯನ್ನು, ಅಂದರೆ ಜುಟ್ಟನ್ನು ಕತ್ತರಿಸಬೇಕೇ ಬೇಡವೇ ಎಂದು ಮಿಶನರಿಗಳ ನಡುವೆ ದೊಡ್ಡ ಜಗಳ. ಅದು ಹಿಂದೂ ಗುರುತು, ಹೋಗಲೇಬೇಕು ಎಂದು ಹಲವರ ಹಟ. ಕಾಲ್ಡ್‌ವೆಲ್ ಇದರ ಮೇಲೆ ಒಂದು ಪ್ರಬಂಧವನ್ನೇ ಬರೆದ. ಕುಡುಮಿ ಧರ್ಮದ ಗುರುತಲ್ಲ, ಈ ದೇಶದ ಜನ ಕೂದಲು ಕಟ್ಟುವ ಒಂದು ರೀತಿ ಅಷ್ಟೇ, ಅದರ ಮೇಲೆ ಕೈ ಹಾಕುವ ಅಗತ್ಯ ಇಲ್ಲ ಎನ್ನುವುದು ಆತನ ವಾದ. ಯಾವುದು ಧರ್ಮ, ಯಾವುದು ಬರೀ ರೂಢಿ ಎಂದು ಕೂತು ವಿಂಗಡಿಸುವ ತಾಳ್ಮೆ ಆತನಿಗಿತ್ತು.

ಹಾಗಿದ್ದರೆ 1849ರ ಪುಸ್ತಿಕೆಯನ್ನು ಬರೆಯುವಾಗ ಆ ತಾಳ್ಮೆ ಎಲ್ಲಿ ಹೋಗಿತ್ತು?

ತಿರುನೆಲ್ವೇಲಿಯ ಶಾಣಾರರ ಬಗ್ಗೆ ಆತ ಒಂದು ಪುಸ್ತಿಕೆ ಬರೆದಿದ್ದ. ಮದರಾಸಿನಲ್ಲಿ ಅಚ್ಚಾಗಿ, ಮರುವರ್ಷ ಲಂಡನ್ನಿನಲ್ಲೂ ಬಂತು. ಓದುಗರು ಇಂಗ್ಲೆಂಡಿನ ಚರ್ಚಿನ ದಾನಿಗಳು. ಅವರ ಕರುಣೆ ಕೆರಳಬೇಕು, ಹಣ ಬರಬೇಕು. ಹಾಗಾಗಿ ಜನರ ಬಡತನ, ಮರ ಹತ್ತುವ ಕಷ್ಟ, ಭೂತಾರಾಧನೆ ಎಲ್ಲ ವಿವರವಾಗಿ ಇದೆ. ಕಣ್ಣಿಗೆ ಕಟ್ಟುವಂತೆಯೇ ಇದೆ. ಆದರೆ ಜೊತೆಗೆ ಈ ಜನರು ಮಂದಬುದ್ಧಿಯವರು, ಯೋಚಿಸುವ ಶಕ್ತಿ ಇವರಿಗೆ ಕಡಿಮೆ, ಸಿಲೋನಿನಿಂದ ವಲಸೆ ಬಂದವರು ಎಂಬ ತೀರ್ಪುಗಳೂ ಇವೆ. ದಿನಕ್ಕೆ ಎರಡು ಬಾರಿ ಹತ್ತಾರು ಮರ ಹತ್ತುವವನು, ಯಾವ ಮರದ ಯಾವ ಗೊನೆಯನ್ನು ಎಷ್ಟು ಸೀಳಿದರೆ ಎಷ್ಟು ರಸ ಎಂಬ ಲೆಕ್ಕ ತಲೆಯಲ್ಲಿ ಇಟ್ಟುಕೊಂಡವನು, ಅವನನ್ನು ಮಂದ ಎನ್ನುವುದು! ಅಜ್ಜ ಮಳೆಗಾಲದ ಪಾಚಿ ಹಿಡಿದ ಮರವನ್ನು ಕೈಯಲ್ಲಿ ಒಮ್ಮೆ ತಟ್ಟಿ, ಹತ್ತಬಹುದೋ ಬೇಡವೋ ಎಂದು ನಿರ್ಧರಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ಪುಟಗಳನ್ನು ಓದುವಾಗ ಕಾಲ್ಡ್‌ವೆಲ್ ಬೇರೆ ಯಾರದೋ ಬಗ್ಗೆ ಬರೆಯುತ್ತಿದ್ದಾನೆ ಎಂದು ನನಗೆ ಅನ್ನಿಸಲೇ ಇಲ್ಲ.

ಅದೇ ಪುಸ್ತಿಕೆಯಲ್ಲಿ ಒಬ್ಬ ಇಂಗ್ಲಿಷ್ ಸೇನಾಧಿಕಾರಿಯ ಕತೆ ಬರುತ್ತದೆ. 1809ರಲ್ಲಿ ತಿರುವಾಂಕೂರಿನ ಮೇಲೆ ನಡೆದ ಯುದ್ಧದಲ್ಲಿ ಗಾಯಗೊಂಡು ಸತ್ತು, ಮರಳುಗಾಡಿನಲ್ಲಿ ಹೂಳಲ್ಪಟ್ಟವನು. ಕೆಲವು ವರ್ಷಗಳ ನಂತರ ಸುತ್ತಲಿನ ಜನ ಅವನಿಗೆ ಆರಾಧನೆ ಶುರು ಮಾಡಿದರು. ನೈವೇದ್ಯ ಏನು ಗೊತ್ತೆ? ಸಾರಾಯಿ ಮತ್ತು ಚುಟ್ಟಾ. ಕಾಲ್ಡ್‌ವೆಲ್ ಇದನ್ನು ಬರೆದದ್ದು ಓದುಗರು ಹುಬ್ಬೇರಿಸಲಿ ಎಂದು. ತುಳುನಾಡಿನವನಿಗೆ ಇದರಲ್ಲಿ ಹುಬ್ಬೇರಿಸುವುದಕ್ಕೆ ಏನೂ ಇಲ್ಲ. ನಮ್ಮ ಬೊಬ್ಬರ್ಯ ಮುಸ್ಲಿಂ ವ್ಯಾಪಾರಿಯ ಮಗ ಎಂದು ಪಾಡ್ದನ ಹೇಳುತ್ತದೆ, ಮೊಗವೀರರ ಕೇರಿಗಳಲ್ಲೆಲ್ಲ ಅವನ ಗುಂಡವಿದೆ. ಪರವೂರಿನಿಂದ ಬಂದು ಅಕಾಲದಲ್ಲಿ ಸತ್ತವನಿಗೆ ಊರಿನಲ್ಲಿ ಒಂದು ಜಾಗ, ವರ್ಷಕ್ಕೊಂದು ದಿನ, ಅವನು ಬದುಕಿದ್ದಾಗ ಇಷ್ಟಪಟ್ಟದ್ದನ್ನು ಎಡೆ ಇಡುವುದು. ಮನೆಯಿಂದ ಸಾವಿರಾರು ಮೈಲಿ ದೂರ ಸತ್ತ ಆ ಹುಡುಗನಿಗೆ ಅವನ ಕಂಪನಿ ಸರ್ಕಾರ ಇದಕ್ಕಿಂತ ಹೆಚ್ಚೇನೂ ಮಾಡಿರಲಿಕ್ಕಿಲ್ಲ. ಇಡೈಯನ್‌ಗುಡಿಯ ಕಾಲ್ಡ್‌ವೆಲ್ ಇದನ್ನು ಬರೀ ಪಿಶಾಚಿ ಪೂಜೆ ಎಂದು ಬರೆದು ಮುಂದೆ ಹೋದ. ಪಾಲ್ ಎಂಬ ಪದ ಹಾಲಾದದ್ದನ್ನು ಅಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡ ಕಿವಿ ಇಲ್ಲಿ ಕೇಳಿಸಿಕೊಳ್ಳಲಿಲ್ಲ.

ಆತ ಎಣಿಸದೆ ಇದ್ದ ಒಂದು ಸಂಗತಿ ಮುಂದೆ ನಡೆಯಿತು. ಆತನೂ ಎಲೈಜಾಳೂ ಬೇರೆ ಮಿಶನರಿಗಳೂ ಕಟ್ಟಿದ ಶಾಲೆಗಳಲ್ಲಿ ಮರ ಹತ್ತುವವರ ಮಕ್ಕಳು ಇಂಗ್ಲಿಷ್ ಕಲಿತರು. ಕಲಿತವರು ತಮ್ಮ ಬಗ್ಗೆ ಏನು ಬರೆದಿದೆ ಎಂದು ಓದಿದರು. ಲಂಡನ್ನಿನ ದಾನಿಗಳಿಗೆ ಬರೆದ ಕಾಗದ ಅದರಲ್ಲಿ ವರ್ಣಿಸಲ್ಪಟ್ಟವರ ಕೈಗೇ ಬಂತು.

ಮಿಶನ್ ಶಾಲೆಯಲ್ಲೇ ಓದಿ ಉಪದೇಶಿಯಾಗಿದ್ದ ಅರುಮೈನಾಯಗಂ ಎಂಬವನಿದ್ದ, ಜನ ಕರೆಯುತ್ತಿದ್ದದ್ದು ಸಟ್ಟಂಪಿಳ್ಳೈ ಎಂದು. ಯುರೋಪಿಯನ್ ಮಿಶನರಿಗಳ ದೊಡ್ಡಸ್ತಿಕೆಯ ಜೊತೆ ಜಗಳವಾಡಿ ಹೊರಬಂದು, 1857ರಲ್ಲಿ ತನ್ನದೇ ಒಂದು ಸಭೆ ಕಟ್ಟಿದ. ಹೆಸರೇ ಹಿಂದೂ ಕ್ರೈಸ್ತ ಸಭೆ. ಬಿಳಿಯರ ಹಂಗು ಬೇಡ, ಬಿಳಿಯರ ರೀತಿ ಬೇಡ, ಆರಾಧನೆ ಭಾನುವಾರ ಅಲ್ಲ, ಬೈಬಲಿನ ಹಳೆ ಕಟ್ಟಳೆಯಂತೆ ಶನಿವಾರ. ಯೇಸು ಇರಲಿ, ಇಂಗ್ಲಿಷರು ಬೇಡ ಎಂದು ಹೇಳಿದವರಲ್ಲಿ ಬಹಳ ಮೊದಲಿಗ. ಕಾಲ್ಡ್‌ವೆಲ್‌ನ ಪುಸ್ತಿಕೆಯನ್ನೂ ಆತ ಬಿಡಲಿಲ್ಲ. ಮುಂದಿನ ದಶಕಗಳಲ್ಲಿ ಪ್ರತಿಭಟನೆ ದೊಡ್ಡದಾಯಿತು. ಸಮುದಾಯದ ವಿದ್ಯಾವಂತರು ಉತ್ತರವಾಗಿ ಪುಸ್ತಕಗಳನ್ನು ಬರೆದರು. ಮದರಾಸು ಸರ್ಕಾರಕ್ಕೆ, ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥರಿಗೆ ಅರ್ಜಿಗಳು ಹೋದವು. ಆಗ ಕಾಲ್ಡ್‌ವೆಲ್ ಬಿಷಪ್ ಆಗಿದ್ದ, 1877ರಲ್ಲಿ ಕಲ್ಕತ್ತದಲ್ಲಿ ಪಟ್ಟವಾಗಿತ್ತು. ಆ ವರ್ಷದ ಘೋರ ಬರದಲ್ಲಿ ಜನರಿಗೆ ಗಂಜಿ ಹೊಂದಿಸುವ ಕೆಲಸದಲ್ಲಿ ಓಡಾಡಿದವನೂ ಆತನೇ. ಕೊನೆಗೆ ಪುಸ್ತಿಕೆಯನ್ನು ಪ್ರಸಾರದಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಸರ್ಕಾರಿ ದಾಖಲೆಗಳಲ್ಲಿ ನಾಡಾರ್ ಎಂಬ ಹೆಸರು ಬಂದದ್ದು 1921ರಲ್ಲಿ. 1954ರಲ್ಲಿ ಆ ಸಮುದಾಯದ ಕಾಮರಾಜ್ ಮದರಾಸಿನ ಮುಖ್ಯಮಂತ್ರಿಯಾದರು. ಮರೀನಾದಲ್ಲಿ ಕಾಲ್ಡ್‌ವೆಲ್ ಪ್ರತಿಮೆ ನಿಂತಿರುವ ರಸ್ತೆಯ ಈಗಿನ ಹೆಸರು ಕಾಮರಾಜರ್ ಸಾಲೈ.

ನನ್ನ ಟೀಮಿನಲ್ಲಿ ತಿಸೈಯನ್‌ವಿಳೈ ಕಡೆಯ ಒಬ್ಬ ಗೆಳೆಯನಿದ್ದಾನೆ. ಅವನ ಅಜ್ಜನೂ ಮರ ಹತ್ತುತ್ತಿದ್ದವರು, ನಮ್ಮಿಬ್ಬರ ಸ್ನೇಹ ಆ ಮಾತಿನಿಂದಲೇ ಶುರುವಾದದ್ದು. ಒಂದು ಕ್ರಿಸ್ಮಸ್ ರಜೆಗೆ ಅವನ ಜೊತೆ ರಾತ್ರಿ ರೈಲು ಹತ್ತಿ ತಿರುನೆಲ್ವೇಲಿಗೆ, ಅಲ್ಲಿಂದ ಬಸ್ಸಿನಲ್ಲಿ ಅವರ ಮನೆಗೆ ಹೋಗಿದ್ದೆ. ಅವನ ಪಾಟ್ಟಿ ನನ್ನನ್ನು ತಂಬಿ ಎಂದು ಕರೆದು ಕರುಪ್ಪಟ್ಟಿ ಕಾಫಿ ಕೊಟ್ಟರು. ಓಲೆಬೆಲ್ಲದ ಆ ಹೊಗೆವಾಸನೆ ಮೂಗಿಗೆ ಬಿದ್ದದ್ದೇ ನನಗೆ ನಮ್ಮ ಅಜ್ಜಿಯ ಅಡುಗೆಮನೆ. ಪಾಟ್ಟಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ಅದು ಚರ್ಚಿಗೆ, ಪಿಡಿ ಅರಿಸಿ ಎಂದು ಹೆಸರು. ಪಿಡಿ ಅಂದರೆ ಹಿಡಿ, ಇಲ್ಲಿಯೂ ಪಕಾರ ಹಕಾರ. ಮಠಕ್ಕೆ ಹಿಡಿ ಅಕ್ಕಿ ತೆಗೆದಿಡುವ ಮನೆಗಳನ್ನು ಕಂಡವರಿಗೆ ಇದೇನೂ ಬೇರೆ ಧರ್ಮದ ಆಚಾರ ಅನ್ನಿಸುವುದಿಲ್ಲ.

ಮರುದಿನ ಇಡೈಯನ್‌ಗುಡಿ ನೋಡಿದೆವು. ಕಾಲ್ಡ್‌ವೆಲ್ ವಾಸಿಸಿದ್ದ ಮನೆಯನ್ನು ಸರ್ಕಾರ ಸ್ಮಾರಕ ಮಾಡಿದೆ. ಪುಸ್ತಿಕೆಯ ವಿಷಯ ಪಾಟ್ಟಿಗೆ ಗೊತ್ತಿದೆಯೇ ಎಂದು ದಾರಿಯಲ್ಲಿ ಗೆಳೆಯನನ್ನು ಕೇಳಿದೆ. ಗೊತ್ತಿದೆ, ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ ಎಂದ. ಅವನ ಪಾಟ್ಟಿಯ ತಾಯಿ ಓದು ಕಲಿತದ್ದು ಹೆಣ್ಣುಮಕ್ಕಳ ಆ ಮಿಶನ್ ಶಾಲೆಯಲ್ಲಿ, ಆ ಮನೆಯಲ್ಲಿ ಐಯರ್ ಹೆಸರನ್ನು ಯಾರೂ ಹಗುರವಾಗಿ ಎತ್ತುವುದಿಲ್ಲ. ಅದೇ ಮನೆಯ ಒಬ್ಬ ಚಿಕ್ಕಪ್ಪ ಮಾತ್ರ ಆತ ಕಟ್ಟಿದ ಚರ್ಚಿನೊಳಗೆ ಕಾಲಿಡುವುದಿಲ್ಲವಂತೆ. ಈ ಎರಡನ್ನೂ ಗೆಳೆಯ ಒಂದೇ ಉಸಿರಿನಲ್ಲಿ ಹೇಳಿದ, ಅವನಿಗೆ ಅದರಲ್ಲಿ ಯಾವ ವಿರೋಧವೂ ಕಾಣಲಿಲ್ಲ. ನನಗೆ ಅಷ್ಟು ಸಲೀಸಾಗಿ ಸಾಧ್ಯವಾಗಿಲ್ಲ. ತುಳುವನ್ನು ಹೊಗಳಿದವನೂ ಮೂರ್ತೆಯವರ ಬಗ್ಗೆ ಹಾಗೆ ಬರೆದವನೂ ಒಬ್ಬನೇ ಎನ್ನುವುದು ಇನ್ನೂ ಕಸಿವಿಸಿ ಮಾಡುತ್ತದೆ.

ಕಾಲ್ಡ್‌ವೆಲ್ 1891ರ ಜನವರಿಯಲ್ಲಿ ನಿವೃತ್ತನಾಗಿ ಕೊಡೈಕನಾಲಿಗೆ ಹೋದ. ಇಂಗ್ಲೆಂಡಿಗೆ ಮರಳುವ ಯೋಚನೆ ಮಾಡಲಿಲ್ಲ. ಅದೇ ವರ್ಷ ಆಗಸ್ಟ್ 28ರಂದು ಅಲ್ಲಿಯೇ ತೀರಿಕೊಂಡ. ವ್ಯಾಕರಣದ ಮೂರನೇ ಆವೃತ್ತಿಯನ್ನು 1913ರಲ್ಲಿ ಸಿದ್ಧಪಡಿಸಿದವರಲ್ಲಿ ಒಬ್ಬ ಆತನ ಅಳಿಯ ವಯಟ್. ಜಾತಿ, ಜನಾಂಗಗಳ ಬಗ್ಗೆ ಮಾವ ಬರೆದಿದ್ದ ಹಲವು ಭಾಗಗಳು ಆ ಆವೃತ್ತಿಯಲ್ಲಿ ಇಲ್ಲ. ಬಹುಕಾಲ ಜನ ಓದಿದ್ದು ಆ ಕತ್ತರಿಸಿದ ಪ್ರತಿಯನ್ನೇ.

ದೇಹವನ್ನು ಬೆಟ್ಟದಿಂದ ಇಳಿಸಿ, ಬಯಲು ದಾಟಿಸಿ, ಆ ಕೆಂಪು ಮರಳಿನ ಊರಿಗೆ ತಂದರು. 33 ವರ್ಷ ಕಟ್ಟಿದ ಚರ್ಚಿನಲ್ಲಿ, ಪೀಠದ ಕೆಳಗೆ ಮಣ್ಣು ಮಾಡಿದರು. ನಾವು ಹೋದ ದಿನ ಒಳಗೆ ಕ್ರಿಸ್ಮಸ್‌ಗೆ ಕಾಗದದ ನಕ್ಷತ್ರ ಕಟ್ಟುತ್ತಿದ್ದ ಹುಡುಗರು ಗದ್ದಲ ಮಾಡುತ್ತಿದ್ದರು, ಹೊರಗೆ ತಾಳೆ ಮರಗಳ ಗರಿಗಳಿಗೆ ಗಾಳಿ ಹಿಡಿದು ಮಳೆ ಬಂದಂತೆ ಸದ್ದಾಗುತ್ತಿತ್ತು. ಈಗ ಮರ ಹತ್ತುವವರು ತೀರಾ ಕಡಿಮೆಯಂತೆ, ಅದೂ ನಮ್ಮ ಊರಿನ ಹಾಗೆಯೇ.